ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದೇಕೆ?

ಕೇಳುಗರಿಗೆ ನಮಸ್ಕಾರ. ಪುಷ್ಯಮಾಸದ ಚಳಿಯಲ್ಲಿ ತಲೆಗೆ ಹಚ್ಚಿಕೊಳ್ಳಲೆಂದು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ. ಕಡ್ಡಿ ತೂರಿಸಿ ಕೆದಕುತ್ತೇವೆ, ಇಲ್ಲವೇ ಬಿಸಿಲಿಗೆ ಇಡುತ್ತೇವೆ. ಅಡುಗೆಮನೆಯ ಕಡಲೆಕಾಯಿ ಎಣ್ಣೆ ಮಾತ್ರ ಅದೇ ಚಳಿಯಲ್ಲಿ ಸರಾಗವಾಗಿ ಹರಿಯುತ್ತಿರುತ್ತದೆ.

ಅಣುವಿನೊಳಗಿನ ಬಂಧವೇ ಬೇರೆ, ಅಣು ಅಣುಗಳ ನಡುವಿನ ಸೆಳೆತವೇ ಬೇರೆ. ಎಣ್ಣೆಯ ಒಂದು ಅಣುವಿನಲ್ಲಿ ಗ್ಲಿಸರಾಲ್ ಎಂಬ ತುಂಡಿಗೆ ಇಂಗಾಲದ ಮೂರು ಉದ್ದನೆಯ ಸರಪಳಿಗಳು ಕೂಡಿಕೊಂಡಿರುತ್ತವೆ. ಈ ಸರಪಳಿಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಿಗಿದುಕೊಂಡಿರುವುದರಿಂದ, ಇಂಗಾಲ–ಇಂಗಾಲ ಬಂಧವನ್ನು ಮುರಿಯಲು, ಕಣಗಳನ್ನು ಎಣಿಸುವ ಅಳತೆಯಾದ ಒಂದು ಮೋಲ್‌ಗೆ ಸುಮಾರು 350 ಕಿಲೋಜೌಲ್ ಶಕ್ತಿ ಬೇಕು. ಬೆಳಗಿನ ಎಳೆಬಿಸಿಲಿನಿಂದ ಆಗುವ ಕೆಲಸವಲ್ಲ ಅದು. ಬಿಸಿಲು ಸಡಿಲಿಸುವುದು ನೆರೆಹೊರೆಯ ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತವನ್ನು. ಎಲೆಕ್ಟ್ರಾನುಗಳು ಸದಾ ಚಲಿಸುತ್ತಿರುವಾಗ ಯಾವುದೋ ಕ್ಷಣದಲ್ಲಿ ಅಣುವಿನ ಒಂದು ಬದಿಗೆ ತುಸು ಹೆಚ್ಚು ಸೇರಿ, ಅಲ್ಲಿ ಋಣಾವೇಶವೂ ಎದುರು ಬದಿಯಲ್ಲಿ ಧನಾವೇಶವೂ ತಲೆದೋರುತ್ತವೆ. ಅದರ ಪ್ರಭಾವದಿಂದ ಪಕ್ಕದ ಅಣುವಿನ ಎಲೆಕ್ಟ್ರಾನುಗಳೂ ಸರಿದು, ಎರಡು ಅಣುಗಳೂ ಒಂದನ್ನೊಂದು ಸೆಳೆಯುತ್ತವೆ. 1930ರಲ್ಲಿ ಇದನ್ನು ಕ್ವಾಂಟಂ ಸಿದ್ಧಾಂತದ ನೆರವಿನಿಂದ ವಿವರಿಸಿದವರು ಜರ್ಮನಿಯ ಫ್ರಿಟ್ಜ್ ಲಂಡನ್. ಲಂಡನ್ ಎಂಬುದು ಇಲ್ಲಿ ಊರಲ್ಲ, ಅವರ ಮನೆತನದ ಹೆಸರು.

ಒಂದೊಂದು ಕಡೆ ನೋಡಿದರೆ ಈ ಸೆಳೆತ ತೀರ ದುರ್ಬಲ. ಆದರೆ ನೇರವಾದ ಸರಪಳಿಗಳು ಕಟ್ಟಿನೊಳಗಿನ ಊದುಬತ್ತಿಗಳಂತೆ ಒತ್ತೊತ್ತಾಗಿ ಕೂತಾಗ, ಉದ್ದಕ್ಕೂ ಸೇರುತ್ತಾ ಹೋಗುವ ಸೆಳೆತ ಗಣನೀಯವಾಗುತ್ತದೆ. ಈ ಸರಪಳಿಗಳನ್ನು ಒದಗಿಸುವ ಆಮ್ಲಗಳಿಗೆ ಮೇದಾಮ್ಲಗಳೆಂದು ಹೆಸರು. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧಪಾಲು 12 ಇಂಗಾಲಗಳ ನೇರ ಸರಪಳಿಯ ಲಾರಿಕ್ ಆಮ್ಲ. ಹಾಗಾಗಿಯೇ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಹೆಪ್ಪುಗಟ್ಟತೊಡಗುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಕ್ ಆಮ್ಲದ ಸರಪಳಿ 18 ಇಂಗಾಲಗಳಷ್ಟು ಉದ್ದ. ಹಾಗಿದ್ದರೆ ಅದೇ ಮೊದಲು ಗಟ್ಟಿಯಾಗಬೇಕಿತ್ತಲ್ಲವೇ? ಆಗುವುದಿಲ್ಲ, ಏಕೆಂದರೆ ನಟ್ಟನಡುವಿನ ದ್ವಿಬಂಧದ, ಅಂದರೆ ಎರಡು ಇಂಗಾಲಗಳು ಜೋಡಿ ಬಂಧದಿಂದ ಕೂಡಿರುವ ಜಾಗದ, ಬಳಿ ಆ ಸರಪಳಿ ಮೊಣಕೈಯಂತೆ ಬಾಗಿರುತ್ತದೆ, ಬಾಗಿದ ಕಡ್ಡಿಗಳನ್ನು ಒತ್ತಾಗಿ ಜೋಡಿಸಲಾಗದು. ಅಷ್ಟೇ ಇಂಗಾಲಗಳಿರುವ, ಆದರೆ ನೇರವಾಗಿರುವ ಸ್ಟಿಯರಿಕ್ ಆಮ್ಲ ಕರಗುವುದು 69 ಡಿಗ್ರಿಯಲ್ಲಿ, ಓಲಿಕ್ ಆಮ್ಲ ಕರಗುವುದು 13 ಡಿಗ್ರಿಯ ಆಸುಪಾಸಿನಲ್ಲಿ. ಎರಡಕ್ಕೂ ಇರುವ ವ್ಯತ್ಯಾಸ ಎರಡೇ ಹೈಡ್ರೋಜನ್ ಪರಮಾಣುಗಳು! ನನಗಂತೂ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೋಜಿಗದ ಲೆಕ್ಕ ಕಂಡಿಲ್ಲ.

ಬಿಸಿಲಿನಲ್ಲಿ ಕರಗಿ ರಾತ್ರಿಯಲ್ಲಿ ಮತ್ತೆ ಗಟ್ಟಿಯಾದರೂ ಅದು ಅದೇ ಎಣ್ಣೆ, ಒಂದು ಅಣುವೂ ಒಡೆದಿರುವುದಿಲ್ಲ. ಗಾಳಿ ತೇವಗಳು ತಾಗಿ ಎಣ್ಣೆಗೆ ಕಮಟು ವಾಸನೆ ಬಂದಾಗ ಮಾತ್ರ ಅಣುವಿನೊಳಗಿನ ಬಂಧಗಳೇ ಮುರಿದಿರುತ್ತವೆ. ಆಮೇಲೆ ಬಾಟಲಿಯನ್ನು ಬಿಸಿಲಿಗಿಟ್ಟರೂ ನೆರಳಿಗಿಟ್ಟರೂ ಹಳೆಯ ಪರಿಮಳ ಮರಳುವುದಿಲ್ಲ.