ಟಾರ್ಚಿನ ಎಲ್‌ಇಡಿ ಬದಲಿಸಿ, ಕರೆಂಟ್ ಏರಿಸಬೇಡಿ

ಸಣ್ಣ ಟಾರ್ಚಿನ ಬೆಳಕು ಸಾಲದು ಅನ್ನಿಸಿದಾಗ ಬಹಳ ಜನ ಒಂದೇ ದಾರಿ ಹಿಡಿಯುತ್ತಾರೆ. ದೊಡ್ಡ ಎಲ್‌ಇಡಿ ತರುವುದು, ಅದು ತಡೆಯುವಷ್ಟೂ ಕರೆಂಟ್ ಕೊಡುವುದು. ಇದು ಬೇಡ ಅಂತ ಹೇಳಲಿಕ್ಕೇ ಇವತ್ತು ಮೈಕ್ ಮುಂದೆ ಕೂತಿದ್ದೇನೆ. ಎಲ್‌ಇಡಿ ಖಂಡಿತ ಬದಲಿಸಿ. ಕರೆಂಟ್ ಮಾತ್ರ ಇದ್ದಷ್ಟೇ ಇರಲಿ.

ನಿಮ್ಮ ಹಳೆಯ ಎಲ್‌ಇಡಿ ಒಂದು ವ್ಯಾಟಿಗೆ 40 ಲ್ಯೂಮೆನ್ ಕೊಡುತ್ತಿದೆ ಅಂದುಕೊಳ್ಳಿ. ಲ್ಯೂಮೆನ್ ಅಂದರೆ ಎಷ್ಟು ಬೆಳಕು ಹೊರಬರುತ್ತದೆ ಅನ್ನುವ ಅಳತೆ. ಅದೇ ಒಂದು ವ್ಯಾಟಿಗೆ 120 ಲ್ಯೂಮೆನ್ ಕೊಡುವ ಎಲ್‌ಇಡಿ ಈಗ ಸುಲಭವಾಗಿ ಸಿಗುತ್ತದೆ. ಎಲ್‌ಇಡಿಗೆ ಕರೆಂಟ್ ಅಳೆದು ಕೊಡುವ ಸಣ್ಣ ಸರ್ಕ್ಯೂಟ್, ಅಂದರೆ ಡ್ರೈವರ್, ಅದೇ, ಸೆಲ್ ಅದೇ, ಬೆಳಕು ಮೂರು ಪಟ್ಟು. ಸೆಲ್ ಬೇಗ ಖಾಲಿಯಾಗುವುದೂ ಇಲ್ಲ. ವಿದ್ಯುತ್ತಿನ ಹೆಚ್ಚು ಪಾಲು ಬೆಳಕಾಗಿ ಹೋಗುವುದರಿಂದ ಬಿಸಿ ಕೂಡ ಸ್ವಲ್ಪ ಇಳಿಯುತ್ತದೆ. ಇದಕ್ಕಿಂತ ಒಳ್ಳೆ ಲಾಭ ಇನ್ನೇನು ಬೇಕು?

ಈಗ ಕರೆಂಟ್ ಏರಿಸಿದರೆ ಏನಾಗುತ್ತದೆ ನೋಡಿ. ಕರೆಂಟ್ ಎರಡು ಪಟ್ಟಾದರೂ ಬೆಳಕು ಎರಡು ಪಟ್ಟಾಗುವುದಿಲ್ಲ. ಬಿಸಿ ಮಾತ್ರ ಎರಡು ಪಟ್ಟನ್ನೂ ದಾಟುತ್ತದೆ. ಆಲ್ಕಲೈನ್ ಸೆಲ್‌ನಿಂದ ಜೋರಾಗಿ ಎಳೆದಷ್ಟೂ ಅದು ಒಟ್ಟಾರೆ ಕೊಡುವ ಶಕ್ತಿಯೇ ಕಡಿಮೆಯಾಗುತ್ತದೆ. ಇಷ್ಟೆಲ್ಲ ಕಳೆದುಕೊಂಡು ಕಣ್ಣಿಗೆ ಕಾಣುವುದೆಷ್ಟು? ಬೆಳಕು ಎರಡರಷ್ಟಿದೆ ಅನ್ನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. ಅದೇ ರಿಫ್ಲೆಕ್ಟರ್ ಇಟ್ಟುಕೊಂಡು ಎರಡರಷ್ಟು ದೂರ ತಲುಪಬೇಕಾದರೂ ನಾಲ್ಕು ಪಟ್ಟೇ ಬೇಕು.

ಬಿಸಿಯ ವಿಷಯ ಇನ್ನೂ ಸ್ವಲ್ಪ ಹೇಳಲೇಬೇಕು, ಹೆಚ್ಚಿನ ಟಾರ್ಚ್‌ಗಳು ಹಾಳಾಗುವುದು ಇಲ್ಲೇ. ಹಳೇ ಕಾಲದ ತಂತಿ ಬಲ್ಬ್ ತನ್ನ ಬಿಸಿಯನ್ನು ಬಹುಪಾಲು ಬೆಳಕಿನ ಜೊತೆ ಹೊರಗೆ ಚೆಲ್ಲುತ್ತಿತ್ತು. ಎಲ್‌ಇಡಿಯ ಬಿಸಿ ಬೆನ್ನಿನ ಕಡೆಯಿಂದ ಇಳಿಯಬೇಕು. ತಾಮ್ರ ಅಥವಾ ಅಲ್ಯೂಮಿನಿಯಂ ಬಿಲ್ಲೆ, ಬಿಸಿ ದಾಟಿಸಲು ತೆಳುವಾಗಿ ಸವರಿದ ಥರ್ಮಲ್ ಪೇಸ್ಟ್, ಅಲ್ಲಿಂದ ಲೋಹದ ಮೈಗೆ, ಮೈಯಿಂದ ನಿಮ್ಮ ಕೈಗೆ. ಟಾರ್ಚ್ ಹಿಡಿದ ಕೈ ಬೆಚ್ಚಗಾದರೆ ಹೆದರಬೇಡಿ, ಬಿಸಿ ಸರಿಯಾದ ದಾರಿಯಲ್ಲಿ ಹೊರಬರುತ್ತಿದೆ ಅಂತ ಅರ್ಥ. ಮೈ ತಣ್ಣಗಿದ್ದು ಬೆಳಕು ಮಾತ್ರ ನಿಧಾನವಾಗಿ ಕುಂದುತ್ತಿದ್ದರೆ ಅನುಮಾನ ಪಡಿ. ಒಳಗೆ ಎಲ್‌ಇಡಿ ಬೇಯುತ್ತಿರಬಹುದು. ಪ್ಲಾಸ್ಟಿಕ್ ಮೈಯ ಟಾರ್ಚಿನಲ್ಲಿ ಬಿಸಿ ಹೋಗಲು ದಾರಿಯೇ ಇಲ್ಲ ಅಲ್ವಾ? ಅದಕ್ಕೆ ಜಾಸ್ತಿ ಕರೆಂಟ್ ಕೊಡುವ ಯೋಚನೆಯನ್ನೇ ಬಿಡಿ.

ಕೊಳ್ಳುವಾಗ ಅಳತೆ ನೋಡಿ. 3535 ಅಂದರೆ 3.5 ಮಿಲಿಮೀಟರ್ ಚೌಕ. ಹಳೆಯದು ಎಷ್ಟಿತ್ತೋ ಹೊಸದೂ ಅಷ್ಟೇ ಇರಲಿ, ವೋಲ್ಟೇಜ್ ಕೂಡ. ಬಿಳಿ ಎಲ್‌ಇಡಿಗೆ ಸಾಮಾನ್ಯವಾಗಿ 3 ವೋಲ್ಟ್ ಹತ್ತಿರ ಬೇಕು. 6 ಮತ್ತು 12 ವೋಲ್ಟಿನವೂ ಇವೆ, ತಪ್ಪಿ ತಂದರೆ ಸುಮ್ನೆ ದಂಡ. ಇನ್ನೊಂದು ಮಾತು: ಬೆಳಕು ಹೊರಡುವ ಹಳದಿ ಚೌಕ ದೊಡ್ಡದಾದಷ್ಟೂ ಕಿರಣ ಅಗಲವಾಗಿ ಹರಡುತ್ತದೆ. ದೂರ ಕಾಣಬೇಕು ಅನ್ನುವವರು ಚಿಕ್ಕ ಚೌಕದ್ದನ್ನೇ ಆರಿಸಿ.

ಎಲ್‌ಇಡಿ ಮುಟ್ಟದೆ ಲಿಥಿಯಂ ಸೆಲ್ ಹಾಕಿಬಿಡೋಣ ಅನ್ನುವವರೂ ಇದ್ದಾರೆ. 14500 ಅನ್ನುವ ಸೆಲ್ ನೋಡಲು ಪೆನ್ಸಿಲ್ ಸೆಲ್ಲಿನಷ್ಟೇ ಇರುತ್ತದೆ, ಆದರೆ ಪೂರ್ತಿ ಚಾರ್ಜ್ ಆದಾಗ ಅದರಲ್ಲಿ 4.2 ವೋಲ್ಟ್. 1.5 ವೋಲ್ಟಿಗೆ ಮಾಡಿದ ಡ್ರೈವರಿಗೆ ಅದನ್ನು ಹಾಕಿದರೆ ಡ್ರೈವರ್, ಎಲ್‌ಇಡಿ ಎರಡೂ ಸುಡಬಹುದು. ದಯವಿಟ್ಟು ಹಾಕಬೇಡಿ. ಹೊಸ ಸೆಲ್ ಬೇಕೇ ಬೇಕು ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜೆಬಲ್ ತೆಗೆದುಕೊಳ್ಳಿ. ಅದರ ವೋಲ್ಟೇಜ್ 1.2 ಆದರೂ ಜೋರಾಗಿ ಎಳೆದಾಗ ಆಲ್ಕಲೈನ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಹಳೆಯ ಬೆಳಕೇ ಸಾಕಿತ್ತು, ಸೆಲ್ ಬೇಗ ಮುಗಿಯುವುದೇ ತೊಂದರೆ ಅನ್ನುವವರಿಗೆ ಇನ್ನೂ ಒಳ್ಳೆ ದಾರಿ ಇದೆ. ಅನೇಕ ಡ್ರೈವರ್‌ಗಳಲ್ಲಿ ಕರೆಂಟನ್ನು ತೀರ್ಮಾನಿಸುವ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ. ಅಲ್ಲಿಗೆ ಮೂರು ಪಟ್ಟು ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿದರೆ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಸ ಎಲ್‌ಇಡಿ ಅಷ್ಟರಲ್ಲೇ ಹಳೆಯದರಷ್ಟು ಬೆಳಕು ಕೊಡುತ್ತದೆ, ಅದೇ ಸೆಲ್ ಹೆಚ್ಚುಕಡಿಮೆ ಮೂರು ಪಟ್ಟು ಹೊತ್ತು ಉರಿಯುತ್ತದೆ.