ನಾಲ್ಕು ಚೀಟಿ, ನಾಲ್ಕು ಕೈ

ಕೇಳುಗರಿಗೆ, ಅದರಲ್ಲೂ ನಾಳೆ ತರಗತಿಗೆ ಹೋಗಲಿರುವ ಶಿಕ್ಷಕ ಬಂಧುಗಳಿಗೆ ನಮಸ್ಕಾರ.

‘ಗುಂಪು ಚಟುವಟಿಕಿ ಮಾಡಿಸೀವ್ರಿ, ಬರೇ ಗದ್ಲಾತು’ ಎನ್ನುವವರಿಗೆ ಒಂದೇ ಪ್ರಶ್ನೆ: ಗುಂಪಿಗೆ ಎಷ್ಟು ಹಾಳೆ ಕೊಟ್ಟಿರಿ? ಒಂದೇ ಕೊಟ್ಟರೆ ಜಾಣೆ ಬರೆಯುತ್ತಾಳೆ, ಉಳಿದ ಮೂವರು ಕಿಟಕಿ ನೋಡುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಇನ್ನೊಬ್ಬರ ಬಳಿ ಇಲ್ಲದ ತುಂಡು ಇರಬೇಕು. ನನ್ನ ಮಾತು ಇಷ್ಟೇ.

1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ, ಅದುವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಕೋಣೆಗೆ ಬಂದರು. ಜಗಳ ಹತ್ತಿಕೊಂಡಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರಾನ್ಸನ್ ಪಾಠವನ್ನೇ ತುಂಡು ಮಾಡಿ ಹಂಚಿಸಿದರು. ಇಂಗ್ಲಿಷ್ ತಡವರಿಸುವ ಹುಡುಗನೊಬ್ಬ ತನ್ನ ಭಾಗ ಹೇಳಹೊರಟರೆ ಜೊತೆಯವರು ಗೇಲಿ ಮಾಡಿದರು. ಅಲ್ಲಿದ್ದ ಸಹಾಯಕರು ಬುದ್ಧಿವಾದ ಹೇಳಲಿಲ್ಲ. ಪರೀಕ್ಷೆಗೆ ಬರುವ ಆ ಭಾಗ ಇವನೊಬ್ಬನ ಬಳಿಯೇ ಇದೆ ಎಂದು ನೆನಪಿಸಿದರು, ಅಷ್ಟೇ. ಕೆಲವೇ ದಿನಗಳಲ್ಲಿ ಅದೇ ಮಕ್ಕಳು ಚಿಕ್ಕ ಚಿಕ್ಕ ಪ್ರಶ್ನೆ ಹಾಕಿ ಅವನಿಂದ ಮಾತು ಹೊರಡಿಸಲು ಕಲಿತರು. ಮನೆಯಲ್ಲಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಆಡುವ ಮಕ್ಕಳು ಒಟ್ಟಿಗೆ ಕೂರುವ ಬೀದರ್ ಜಿಲ್ಲೆಯ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಬಿದ್ರಿ ಕಲೆಯ ಪಾಠವನ್ನೇ ತೆಗೆದುಕೊಳ್ಳಿ. ಅದನ್ನು ನಾಲ್ಕು ಚೀಟಿ ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಮೊದಲ ಚೀಟಿ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು. ಎರಡನೆಯದು: ಉಳಿಯಿಂದ ಚಿತ್ತಾರ ಕೊರೆಯುವುದು. ಮೂರನೆಯದು: ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುವುದು. ನಾಲ್ಕನೆಯದು: ಕೋಟೆಯ ಮಣ್ಣು, ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು. ಒಂದು ಚೀಟಿ ಬಿಟ್ಟರೂ ಹೂಜಿ ಮುಗಿಯುವುದಿಲ್ಲ.

ನಲವತ್ತು ಮಕ್ಕಳಿದ್ದರೆ 1ರಿಂದ 10ರವರೆಗೆ ಎಣಿಸುತ್ತ ಹೋಗಲಿ. ಒಂದೇ ಅಂಕೆಯವರು ಒಂದು ಗುಂಪು. ಬೆಂಚಿನ ಗೆಳೆಯರು ತಾವಾಗಿಯೇ ಚದುರುತ್ತಾರೆ. ಓದಲು 5 ನಿಮಿಷ. ಆಮೇಲೆ ಒಂದೇ ಚೀಟಿ ಬಂದವರು ಐದೈದು ಮಂದಿಯಾಗಿ 10 ನಿಮಿಷ ಕೂತು, ಹೇಗೆ ಹೇಳಬೇಕೆಂದು ಗಟ್ಟಿ ಮಾಡಿಕೊಳ್ಳಲಿ. ಈ ಹಂತ ಹಾರಿಸಬೇಡಿ, ದಯವಿಟ್ಟು! ಹಾರಿಸಿದರೆ ಓದು ನಿಧಾನವಾದ ಮಗು ತನ್ನ ಗುಂಪಿನೆದುರು ಬಾಯಿ ಕಟ್ಟಿ ನಿಲ್ಲುತ್ತದೆ. ಬಳಿಕ ಸ್ವಂತ ಗುಂಪಿಗೆ ಮರಳಿ ತಲಾ 4 ನಿಮಿಷ ಹೇಳುವುದು. ಚೀಟಿ ಮಡಚಿರಬೇಕು, ಇಲ್ಲವಾದರೆ ಹೇಳುವುದು ಹೋಗಿ ನಕಲು ಶುರುವಾಗುತ್ತದೆ. ಕೊನೆಯ 9 ನಿಮಿಷ ನಾಲ್ಕೂ ಭಾಗದ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರ ಬರೆಯಬೇಕು. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟಿರೋ, ಮತ್ತೆ ಕಿಟಕಿ!

ಸಮಯವಾಯಿತೆಂದು ಕೈ ಮಾಡುತ್ತಿದ್ದಾರೆ. ಗೈರುಹಾಜರಿ ಬಗ್ಗೆ ಎರಡೇ ಮಾತು: ಒಬ್ಬರು ಬಾರದಿದ್ದರೆ ಪಕ್ಕದ ಗುಂಪಿನಿಂದ ಅದೇ ಚೀಟಿಯವರನ್ನು 4 ನಿಮಿಷ ಕರೆಸಿ. ಆ ಭಾಗವನ್ನು ನೀವೇ ಹೇಳಿಬಿಡಬೇಡಿ. ನಮಸ್ಕಾರ.