ನೀರು ನಿಂತ ಹೊಲದಲ್ಲಿ ತೊಗರಿ ಬಾಡುವುದೇಕೆ?

ಹಿರಿಯರೇ, ರೈತ ಬಂಧುಗಳೇ, ವಿದ್ಯಾರ್ಥಿಗಳೇ,

ಮಳೆ ಬಿಡದೆ ಹಿಡಿದ ವರ್ಷ ಕಲಬುರಗಿಯ ಎರೆ ಹೊಲಗಳಲ್ಲಿ ತೊಗರಿ ನೀರಿನಲ್ಲೇ ನಿಂತು ಎಲೆ ಜೋಲುಬಿಡುವುದನ್ನು ನೀವೆಲ್ಲ ಕಂಡಿದ್ದೀರಿ. ಬುಡದ ತುಂಬ ನೀರಿದ್ದೂ ಗಿಡ ಬಾಡುವುದು ಹೇಗೆ ಎಂಬುದನ್ನು ತಿಳಿಯಲು ಬೇರಿನ ಜೀವಕೋಶದವರೆಗೆ ಹೋಗಬೇಕಾಗುತ್ತದೆ.

ಗಿಡದಲ್ಲಿ ನೀರನ್ನು ಮೇಲೆತ್ತುವ ಪಂಪು ಇಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಅದರ ಹಿಂದಿನ ನೀರು ಆ ಜಾಗಕ್ಕೆ ಸೆಳೆತಗೊಳ್ಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಕ್ಸೈಲಂ ಎಂಬ ನೀರು ಸಾಗಿಸುವ ನಾಳಗಳೊಳಗಿನ ನೀರು ನೂಲಿನ ಎಳೆಯಂತೆ ತುಂಡಾಗದೆ ಬೇರಿನಿಂದ ಎಲೆಯವರೆಗೆ ಏರುತ್ತದೆ. ಡಬ್ಲಿನ್‌ನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ಈ ವಿವರಣೆಯನ್ನು 1894ರಲ್ಲಿ ಮುಂದಿಟ್ಟರು. ಎಳೆಯುವ ಶಕ್ತಿ ಬಿಸಿಲಿನದು, ಗಿಡದ್ದಲ್ಲ.

ಆದರೆ ಮಣ್ಣಿನ ನೀರು ನೇರವಾಗಿ ಈ ನಾಳಗಳನ್ನು ಸೇರಲಾರದು. ಬೇರಿನ ಒಳಪದರದಲ್ಲಿ ಕೋಶಗಳ ನಡುವಿನ ಸಂದುಗಳನ್ನು ಕ್ಯಾಸ್ಪೇರಿಯನ್ ಪಟ್ಟಿ ಮುಚ್ಚಿರುವುದರಿಂದ ನೀರು ಅಲ್ಲಿ ಕೋಶಪೊರೆಯನ್ನು ದಾಟಿಯೇ ಒಳಹೋಗಬೇಕು. ಕೊಬ್ಬಿನ ಆ ಪೊರೆಯಲ್ಲಿ ನೀರಿಗೆಂದೇ ಅಕ್ವಾಪೊರಿನ್ ಎಂಬ ಪ್ರೋಟೀನಿನ ಕಿರುದಾರಿಗಳಿವೆ. ಪೀಟರ್ ಆಗ್ರೆ ಮತ್ತು ಸಂಗಡಿಗರು ಕೆಂಪು ರಕ್ತಕಣಗಳಲ್ಲಿ ಕಂಡ ಪ್ರೋಟೀನೊಂದು ಇಂಥ ದಾರಿಯೆಂದು 1992ರಲ್ಲಿ ತೋರಿಸಿದರು. ಆಗ್ರೆಯವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಒಂದು ಅಣುವಿನ ಹಿಂದೆ ಇನ್ನೊಂದು ಸಾಲಾಗಿ ಸಾಗಿದರೂ ಒಂದೇ ದಾರಿಯಲ್ಲಿ ಸೆಕೆಂಡಿಗೆ ನೂರಾರು ಕೋಟಿ ಅಣುಗಳು ದಾಟುತ್ತವೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈಗ ನಮ್ಮ ಹೊಲಕ್ಕೆ ಬರೋಣ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ, ಗಾಳಿಯಾಡುವ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುವುದರಿಂದ, ನಿಂತ ನೀರಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರಾಟ ಕುಂದಿದ ಕೋಶದ ಒಳದ್ರವ ಆಮ್ಲೀಯವಾಗುತ್ತದೆ, ಆ ಆಮ್ಲೀಯತೆಗೆ ಅಕ್ವಾಪೊರಿನ್ ಮುಚ್ಚಿಕೊಳ್ಳುತ್ತದೆ. ಇದನ್ನು ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಗಿಡದಲ್ಲಿ ವಿವರವಾಗಿ ತೋರಿಸಿದ್ದಾರೆ. ಮೇಲೆ ಎಲೆ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಕೆಳಗೆ ದಾರಿ ಮುಚ್ಚಿರುತ್ತದೆ. ಗಿಡ ಬಾಡದೆ ಇನ್ನೇನಾದೀತು?

ಇದನ್ನು ನೆಟೆ ರೋಗವೆಂದು ತಿಳಿದು ಔಷಧಕ್ಕೆ ಹಣ ಸುರಿಯುವವರನ್ನು ಕಂಡರೆ ಸಂಕಟವಾಗುತ್ತದೆ. ನೆಟೆ ರೋಗದಲ್ಲಿಯೂ ಗಿಡ ಬಾಡುವುದು ನೀರು ಸಿಗದೆಯೇ, ಆದರೆ ಅಲ್ಲಿ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಕ್ಸೈಲಂ ನಾಳವನ್ನೇ ಕಟ್ಟಿಬಿಟ್ಟಿರುತ್ತದೆ. ಬಾಡಿದ ಗಿಡವೊಂದನ್ನು ಕಿತ್ತು ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ: ತೊಗಟೆಯ ಕೆಳಗಿನ ಕಟ್ಟಿಗೆಯಲ್ಲಿ ಕಂದು-ಕಪ್ಪು ಗೆರೆಗಳಿದ್ದರೆ ಅದು ನೆಟೆ. ಅಂಥ ಹೊಲದಲ್ಲಿ ಮುಂದಿನ ಹಂಗಾಮಿಗೆ ತೊಗರಿ ಬಿಟ್ಟು ಜೋಳ ಹಾಕುವುದು ಲೇಸು. ಗೆರೆಗಳಿಲ್ಲದೆ ಕಟ್ಟಿಗೆ ಬೆಳ್ಳಗಿದ್ದು ಹೊಲದಲ್ಲಿ ನೀರು ನಿಂತಿದ್ದರೆ, ತಡಮಾಡದೆ ಇಳಿಜಾರಿನ ಕಡೆಗೆ ಬಸಿಗಾಲುವೆ ತೆಗೆಯಿರಿ. ಬೇರು ಕೊಳೆಯುವ ಮೊದಲೇ ಮಣ್ಣಿನಲ್ಲಿ ಗಾಳಿಯಾಡಿದರೆ ಗಿಡ ಚೇತರಿಸಿಕೊಳ್ಳಬಲ್ಲದು.